ವರ್ಷಕ್ಕೋ, ಒಂದ್ ಸಲಕ್ಕೋ?

ಹೋದ ಜೂನ್‌ನ ಒಂದು ಶನಿವಾರ ನಮ್ಮ ಬಾತ್‌ರೂಮಿನ ನಲ್ಲಿ ಕೈಕೊಟ್ಟಿತು. ಎಷ್ಟು ತಿರುಗಿಸಿದರೂ ತೊಟ್ಟಿಕ್ಕೋದು ನಿಲ್ಲಲಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದೆ. ಬಂದ ಪ್ಲಂಬರ್ ಒಳಗಿನ ಸ್ಪಿಂಡಲ್ ಬದಲಿಸಿ, ಟೆಫ್ಲಾನ್ ಟೇಪ್ ಸುತ್ತಿ, ಹನ್ನೆರಡೇ ನಿಮಿಷದಲ್ಲಿ ಕೆಲಸ ಮುಗಿಸಿ 600 ರೂಪಾಯಿ ತಗೊಂಡು ಹೋದರು. ನಿಮಿಷಕ್ಕೆ 50 ರೂಪಾಯಿ! ನನ್ನ ಸಂಬಳವನ್ನೂ ನಿಮಿಷಕ್ಕೆ ಭಾಗಿಸಿ ನೋಡಿದೆ. ಅವರದೇ ಜಾಸ್ತಿ.

ಸಂಜೆ ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಗೊಣಗಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಆರನೂರು ವರ್ಷಕ್ಕೋ, ಒಂದ್ ಸಲಕ್ಕೋ?”

ನನಗೆ ನಗು ಬಂತು. ಆದರೆ ಅಪ್ಪ ತಮಾಷೆ ಮಾಡ್ತಿರಲಿಲ್ಲ. ಹಾವೇರಿ ಕಡೆಯ ನಮ್ಮೂರಲ್ಲಿ ಅಪ್ಪ ಹುಡುಗನಾಗಿದ್ದಾಗ ರಿಪೇರಿಗೆ ‘ಒಂದ್ ಸಲದ’ ರೇಟು ಅನ್ನೋದೇ ಇರಲಿಲ್ಲ. ಕುಂಟೆ, ರಂಟೆ, ಕೂರಿಗೆ ಮುರಿದರೆ ಬಡಗಿ ಸರಿಮಾಡಿ ಕೊಡುತ್ತಿದ್ದ. ಕುಡ ಮೊಂಡಾದರೆ ಕಮ್ಮಾರ ಕಾಯಿಸಿ ಬಡಿದು ಚೂಪು ಮಾಡುತ್ತಿದ್ದ. ಆಗ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದ ದಿನ ಅವರೆಲ್ಲ ಚೀಲ ಹಿಡಿದು ಬರುತ್ತಿದ್ದರು. ರಾಶಿಯಿಂದ ಅವರವರ ಪಾಲಿನ ಜೋಳ ಅಳೆದು ಕೊಡಬೇಕಿತ್ತು. ಆ ಪಾಲಿಗೆ ‘ಆಯ’ ಅಂತ ಹೆಸರು, ಪಡೆಯುವವರು ‘ಆಯಗಾರರು’.

ಇದು ನಮ್ಮೂರಿನ ಪದ್ಧತಿ ಮಾತ್ರ ಅಲ್ಲ. ವಿಜಯನಗರದ ಕಾಲದ ಹಳ್ಳಿಗಳ ಬಗ್ಗೆ ಓದಿದವರಿಗೆ ‘ಹನ್ನೆರಡು ಆಯಗಾರರು’ ಗೊತ್ತು. ಗೌಡ, ಶಾನಭೋಗ, ತಳವಾರ, ನೀರಗಂಟಿ, ಜೋಯಿಸ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಹೀಗೆ. ಊರಿಂದ ಊರಿಗೆ ಪಟ್ಟಿ ಸ್ವಲ್ಪ ಬದಲಾಗುತ್ತಿತ್ತು, ಹನ್ನೆರಡು ಅನ್ನುವ ಲೆಕ್ಕ ಮಾತ್ರ ಉಳಿದುಬಂತು. ಕೆಲವರಿಗೆ ಕಾಳಿನ ಜೊತೆ ಮಾನ್ಯದ ಭೂಮಿಯೂ ಇರುತ್ತಿತ್ತು. ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಈ ರಾಶಿ ಹಂಚಿಕೆಯನ್ನು ಸೇರಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾನೆ. ಮೊದಲು ದೇವರ ಪಾಲು, ಆಮೇಲೆ ಜೋಯಿಸ, ಕ್ಷೌರಿಕ, ಕುಂಬಾರ, ಕಮ್ಮಾರ, ಅಗಸರ ಪಾಲು. ಇವೆಲ್ಲ ಕಳೆದು ಉಳಿದದ್ದರಲ್ಲಿ ಸರ್ಕಾರಕ್ಕೆ ಮತ್ತು ರೈತನಿಗೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಕೂಡ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಈ ಹನ್ನೆರಡು ಜನರ ಪಟ್ಟಿ ಕೊಡುತ್ತಾನೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಎಎಂಸಿ, ವಾರ್ಷಿಕ ನಿರ್ವಹಣಾ ಒಪ್ಪಂದ. ಷರತ್ತುಗಳೂ ಹಾಗೇ ಇದ್ದವು. ಬೇಸಾಯದ ಸಾಮಾನಿನ ರಿಪೇರಿ ಆಯದೊಳಗೆ. ಹೊಸ ಚಕ್ಕಡಿ ಕಟ್ಟಿಸಿದರೆ, ಮನೆಗೆ ಬಾಗಿಲು ಮಾಡಿಸಿದರೆ ಬೇರೆ ಕೂಲಿ. ಕಟ್ಟಿಗೆ, ಕಬ್ಬಿಣ ರೈತನದು.

ಬೇಸಾಯದ ಮನೆಯಲ್ಲಿ ಬೆಳೆದವರಿಗೆ ಇದರ ಹಿಂದಿನ ಲೆಕ್ಕ ತಕ್ಷಣ ಅರ್ಥವಾಗುತ್ತೆ. ಮಳೆ ಬಿದ್ದ ಮೇಲೆ ಭೂಮಿಯ ಹದ ನಾಲ್ಕು ದಿನ ಇದ್ದರೆ ಹೆಚ್ಚು. ಆ ನಾಲ್ಕು ದಿನದಲ್ಲಿ ಕೂರಿಗೆ ಮುರಿದು, ಬಡಗಿ ಸಿಗದೇ ಹೋದರೆ ವರ್ಷದ ಬಿತ್ತನೆಯೇ ಹೋಯಿತು. ಹಾಗಾಗಿ ರೈತ ಕಾಳು ಕೊಡುತ್ತಿದ್ದದ್ದು ಬರೀ ಕೆಲಸಕ್ಕಲ್ಲ, ಕರೆದಾಗ ಬಡಗಿ ಊರಲ್ಲೇ ಇರಬೇಕು ಅನ್ನುವುದಕ್ಕೆ. ಇನ್ನೊಂದು ಸೂಕ್ಷ್ಮವೂ ಇದೆ. ವರ್ಷಕ್ಕೆ ಇಷ್ಟು ಅಂತ ನಿಗದಿಯಾದವನಿಗೆ ಕೆಲಸ ಗಟ್ಟಿಯಾಗಿ ಮಾಡಿದಷ್ಟೂ ಲಾಭ, ಮತ್ತೆ ಮತ್ತೆ ಮಾಡೋದು ತಪ್ಪುತ್ತೆ. ಸಲಕ್ಕೆ ಇಷ್ಟು ಅಂತ ಪಡೆಯುವವನಿಗೆ ಆ ಒತ್ತಡ ಇಲ್ಲ. ಇದನ್ನು ಯೋಚಿಸಿದಾಗ, ‘ಎಂಥಾ ಜಾಣ ವ್ಯವಸ್ಥೆ, ನಾವು ಹಾಳು ಮಾಡಿಕೊಂಡೆವು’ ಅನ್ನಿಸಿತು. ಒಂದು ಪೋಸ್ಟ್ ಬರೆಯಲೂ ಕೂತಿದ್ದೆ.

ಅದನ್ನ ಪೂರ್ತಿ ಮಾಡುವ ಮುಂಚೆ ಅಪ್ಪನಿಗೆ ಇನ್ನೊಂದು ಪ್ರಶ್ನೆ ಕೇಳಿದೆ. ಬಡಗಿಗೆ ಆಯ ಸಾಲದೇ ಹೋದರೆ ಏನು ಮಾಡ್ತಿದ್ದ?

“ಏನ್ ಮಾಡ್ತಾನ? ಮಾಡ್ತಿದ್ದ” ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. ಮಿಣಿ, ಬಾರುಕೋಲು, ಚಪ್ಪಲಿ ಮಾಡಿಕೊಡುವ ಚರ್ಮದ ಕೆಲಸದವರೂ ಆಯಕ್ಕೆ ಬರುತ್ತಿದ್ದರು. ಅವರು ಕಣದೊಳಗೆ ಕಾಲಿಡುವ ಹಾಗಿರಲಿಲ್ಲ. ದೂರ ನಿಂತು ಸೆರಗೊಡ್ಡಬೇಕು, ಮೇಲಿಂದ ಸುರಿಯಬೇಕು. ಹೆಚ್ಚಾಗಿ ಸಿಗುತ್ತಿದ್ದದ್ದು ರಾಶಿಯ ತಳದ ಮಣ್ಣುಗಾಳು. “ಸುರೀತಿದ್ದದ್ದು ನಾನs. ಆಗ ಹತ್ ವರ್ಷ ನಂಗ” ಅಂದರು.

ಪೋಸ್ಟ್ ಅಲ್ಲಿಗೇ ನಿಂತಿತು. ಒಪ್ಪಂದ ಅನ್ನಬೇಕಾದರೆ ಎರಡೂ ಕಡೆಯವರಿಗೆ ‘ಆಗಲ್ಲ’ ಅನ್ನುವ ಹಕ್ಕು ಇರಬೇಕಲ್ಲ? ಕಮ್ಮಾರನ ಮಗ ಕಮ್ಮಾರನೇ. ಆಯ ಸಾಲದು ಅಂತ ಇನ್ನೊಂದು ಊರಿಗೆ ಹೋದರೆ ಅಲ್ಲಿ ಬೇರೆ ಕಮ್ಮಾರನ ಮನೆತನ. ರೈತನಿಗೂ ಅಷ್ಟೇ, ಮಿಣಿಯನ್ನು ತಾನೇ ಹೊಲಿದುಕೊಂಡರೆ ಜಾತಿ ಕೆಡುತ್ತಿತ್ತು. ದುಡ್ಡು ಕೊಟ್ಟು ಮಾಡಿಸೋದಾ, ನಾವೇ ಮಾಡಿಕೊಳ್ಳೋದಾ ಅನ್ನೋ ಇವತ್ತಿನ ನಮ್ಮ ಪ್ರಶ್ನೆಯನ್ನು ಕೇಳುವ ಸ್ವಾತಂತ್ರ್ಯವೇ ಇರಲಿಲ್ಲ. ರಿಪೇರಿ ಅಗ್ಗವಾಗಿತ್ತು ನಿಜ. ಆ ಅಗ್ಗದ ದೊಡ್ಡ ಭಾಗ ಹುಟ್ಟಿನಿಂದ ಬಂದದ್ದು.

ಇದನ್ನು ರೂಪಾಯಿ ಲೆಕ್ಕಕ್ಕೆ ತಂದು ನೋಡಿದವರು ಅಂಬೇಡ್ಕರ್. ನಮ್ಮ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅವರು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ ತಿದ್ದುಪಡಿ ಮಸೂದೆ ತಂದರು. ಊರಿನ ಚಾಕರಿಗೆ ಕಟ್ಟಿಬಿದ್ದಿದ್ದ ಮಹಾರರಿಗೆ ಕಣದಲ್ಲಿ ಸಿಗುತ್ತಿದ್ದ ‘ಬಲುತೆ’ಯ ಕಾಳಿನ ಬದಲು ನಗದು ಬರಬೇಕು, ಬೇಡವಾದವರು ಆ ಚಾಕರಿಯಿಂದ ಬಿಡಿಸಿಕೊಳ್ಳಲು ದಾರಿ ಇರಬೇಕು ಅನ್ನೋದು ಅದರ ತಿರುಳು. ಕಾಳಿಗೆ ಕೈಯೊಡ್ಡಬೇಕು, ನಗದಿಗೆ ರೇಟು ಇರುತ್ತೆ. ಆ ಮಸೂದೆ ಕಾಯಿದೆ ಆಗಲಿಲ್ಲ. ಕರ್ನಾಟಕದಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯಿದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು.

ಬಡಗಿ, ಕಮ್ಮಾರರ ಆಯವನ್ನು ಕರಗಿಸಿದ್ದರಲ್ಲಿ ಕಾಯಿದೆಗಿಂತ ನಟ್ಟು–ಬೋಲ್ಟಿನ ಪಾಲು ದೊಡ್ಡದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕಬ್ಬಿಣದ ನೇಗಿಲು ಮಾಡಲು ಹೊರಟರು. 1910ರಲ್ಲಿ ಕಾರ್ಖಾನೆ ಈಗಿನ ಮಹಾರಾಷ್ಟ್ರದ ಕಿರ್ಲೋಸ್ಕರ್‌ವಾಡಿಗೆ ಹೋಯಿತು. ಕಬ್ಬಿಣದ ನೇಗಿಲಿನ ಕುಡ ಸವೆದರೆ ಬೋಲ್ಟ್ ಬಿಚ್ಚಿ ಹೊಸದು ಕೂರಿಸಿದರಾಯಿತು. ಅದಕ್ಕೆ ಬಡಗಿ ಬೇಡ, ಒಂದು ಪಾನಾ ಸಾಕು. ನಮ್ಮಜ್ಜ ಕೈಯಲ್ಲಿ ಪಾನಾ ಹಿಡಿದದ್ದೇ ನಮ್ಮ ಮನೆಯ ಮೊದಲ ‘ಡಿಐವೈ’ ಅಂತ ನಾನಂದುಕೊಂಡಿದ್ದೆ.

ಅವ್ವ ಒಪ್ಪಲಿಲ್ಲ. “ಮಾಳಗಿ ಯಾರ್ ಮಾಡ್ತಿದ್ರು ಮತ್ತ?” ಅಂದಳು. ನಮ್ಮದು ಮೊದಲು ಮೇಲ್ಮುದ್ದೆಯ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮಾಳಿಗೆ ಮೇಲೆ ಹಾಕಬೇಕು, ಗೋಡೆಗೆ ಮಣ್ಣು ಮೆತ್ತಬೇಕು, ವಾರಕ್ಕೊಮ್ಮೆ ನೆಲ ಸಾರಿಸಬೇಕು. ಮಣ್ಣು ಹೊತ್ತದ್ದು ಅಜ್ಜಿ, ಮೆತ್ತಿದ್ದು ಅವ್ವ. ಅದಕ್ಕೆ ಆಯ ಇಲ್ಲ, ಕೂಲಿ ಇಲ್ಲ, ಯಾವ ದೊರೆಯ ಪುಸ್ತಕದ ಪಟ್ಟಿಯಲ್ಲೂ ಹೆಸರಿಲ್ಲ. ‘ನಾವೇ ಮಾಡ್ಕೊಂಡ್ರೆ ಫ್ರೀ’ ಅನ್ನುವ ಮಾತು ಕೇಳಿದಾಗಲೆಲ್ಲ ಈಗ ಆ ಮಣ್ಣಿನ ಬುಟ್ಟಿ ನೆನಪಾಗುತ್ತೆ.

ಇನ್ನು ಬೆಂಗಳೂರಿಗೆ ಬರೋಣ. ಹೆಸರಘಟ್ಟದಿಂದ ಕೊಳಾಯಿ ನೀರು ಬಂದದ್ದು 1896ರಲ್ಲಿ, ಶಿವನಸಮುದ್ರದಿಂದ ಕರೆಂಟು ಬಂದದ್ದು 1905ರಲ್ಲಿ. ಇವುಗಳ ಜೊತೆ ಬಂದ ಕೆಲಸಗಳಿಗೆ ಹನ್ನೆರಡರ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಪ್ಲಂಬರನ ಜಾತಿ ಯಾವುದು? ಎಲೆಕ್ಟ್ರಿಷಿಯನ್ ಯಾರ ಮನೆತನದವನು? ಯಾರು ಬೇಕಾದರೂ ಕಲಿಯಬಹುದಾದ ಕೆಲಸಗಳು ಇವು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಶುರು ಮಾಡಿತು. ಐಟಿಐಗಳಲ್ಲಿ ಅರ್ಜಿ ಹಾಕಿ ಕಸುಬು ಕಲಿಯುವುದು ಹಳ್ಳಿ ಹುಡುಗರಿಗೂ ಸಾಧ್ಯವಾಯಿತು.

ಮುಂದೆ ಒಮ್ಮೆ ಅದೇ ಪ್ಲಂಬರನ್ನು ಮತ್ತೆ ಕರೆಯಬೇಕಾಯಿತು, ಯಾಕೆ ಅಂತ ಆಮೇಲೆ ಹೇಳ್ತೀನಿ. ಚಹಾ ಕುಡೀತಾ ಕೇಳಿದೆ, ಅವರ ಊರು ಒಡಿಶಾದ ಕೇಂದ್ರಾಪಾಡಾ ಜಿಲ್ಲೆ. ದೇಶದ ಯಾವ ನಗರಕ್ಕೆ ಹೋದರೂ ಅಲ್ಲಿನ ಪ್ಲಂಬರ್‌ಗಳು ಸಿಗುತ್ತಾರೆ. ಆ ಜಿಲ್ಲೆಯ ಪಟ್ಟಾಮುಂಡೈನಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರಿ ಸಂಸ್ಥೆಯಿದೆ. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಊರಿನವರು ಬರುತ್ತಾರೆ, ರೇಟು ಸಾಲದಿದ್ದರೆ ಬೇರೆ ಊರಿಗೆ ಹೋಗುತ್ತಾರೆ. ಆ 600ರ ಲೆಕ್ಕ ಅವರೇ ಬಿಡಿಸಿ ಹೇಳಿದರು. ಸ್ಪಿಂಡಲ್‌ಗೆ 140, ಆ್ಯಪ್‌ನವರ ಪಾಲು, ಪೆಟ್ರೋಲ್, ಟ್ರಾಫಿಕ್‌ನಲ್ಲಿ ಹೋದ ಮುಕ್ಕಾಲು ಗಂಟೆ. ಒಳ್ಳೆ ದಿನ ನಾಲ್ಕು ಮನೆ, ಕೆಟ್ಟ ದಿನ ಒಂದು. ನಾನು ಭಾಗಿಸಿದ್ದು ಹನ್ನೆರಡು ನಿಮಿಷದಿಂದ, ಭಾಗಿಸಬೇಕಿದ್ದದ್ದು ಅವರ ಇಡೀ ದಿನದಿಂದ. ನನಗೆ ಮೀಟಿಂಗ್‌ನಲ್ಲಿ ಸುಮ್ಮನೆ ಕೂತ ಗಂಟೆಗೂ ಸಂಬಳ ಬರುತ್ತಲ್ಲ!

ಅವರನ್ನು ಮತ್ತೆ ಕರೆದದ್ದು ಯಾಕೆಂದರೆ, 600 ಉಳಿಸುವ ಹಟದಲ್ಲಿ ಅಡುಗೆಮನೆ ನಲ್ಲಿಯನ್ನು ನಾನೇ ಬದಲಿಸಲು ಹೋಗಿದ್ದೆ. ಪಾನಾ ಸೆಟ್‌ಗೆ 850, ನಲ್ಲಿಗೆ 420. ಮೂರು ಗಂಟೆ ವಿಡಿಯೋ ನೋಡಿ, ಬಿಗಿ ಮಾಡುವ ಭರದಲ್ಲಿ ಗೋಡೆಯೊಳಗಿನ ಎಲ್ಬೋ ಮುರಿದೆ. ಟೈಲ್ಸ್ ಒಡೆದು ಸರಿಮಾಡಲು 2,800. ಒಟ್ಟು 4,070 ರೂಪಾಯಿ ಮತ್ತು ಒಂದು ಭಾನುವಾರ.

ಆದರೂ ಪಾನಾ ಸೆಟ್ ಎಸೆದಿಲ್ಲ. ಫ್ಲಶ್ ಟ್ಯಾಂಕಿನ ವಾಷರ್, ಬಾಗಿಲಿನ ತಿರುಪು, ಮೇನ್ ಸ್ವಿಚ್ ಆಫ್ ಮಾಡಿ ಫ್ಯಾನ್ ಕೆಪಾಸಿಟರ್, ಇಷ್ಟನ್ನು ಈಗ ನಾನೇ ಮಾಡ್ತೀನಿ. ಹೆಂಡತಿಯೂ ಕಲಿತಿದ್ದಾಳೆ, ಯಾರ ಪಾಳಿ ಅಂತ ಫ್ರಿಜ್ ಮೇಲೆ ಬರೆದಿಡ್ತೀವಿ. ಗೋಡೆಯೊಳಗಿನ ಪೈಪು, ಬೋರ್ಡಿನೊಳಗಿನ ವೈರು, ಎತ್ತರದ ಕೆಲಸಕ್ಕೆ ಮಾತ್ರ ಜನ ಕರೀತೀವಿ. ಬರುವ ಮುಂಚೆ ರೇಟು ಕೇಳ್ತೀವಿ, ಒಪ್ಪಿದ ಮೇಲೆ ಚೌಕಾಸಿ ಮಾಡಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಹಿತ್ತಲ ಬಾಗಿಲು ಜೋತುಬಿದ್ದಿತ್ತು. ನಮ್ಮ ಮನೆಗೆ ಆಯಕ್ಕೆ ಬರುತ್ತಿದ್ದ ಬಡಗಿಯ ಮೊಮ್ಮಗ ಈಗ ರಾಣೇಬೆನ್ನೂರಿನಲ್ಲಿ ಅಲ್ಯೂಮಿನಿಯಂ ಕಿಟಕಿಯ ಅಂಗಡಿ ಇಟ್ಟಿದ್ದಾನೆ. ಅಪ್ಪ ಫೋನ್ ಮಾಡಿದರು. “ಇವತ್ತು ಆಗಂಗಿಲ್ರೀ ಗೌಡ್ರ, ಗುರುವಾರ ಬರ್ತೀನಿ. ಬಂದ್ ನೋಡಾಕ ಇನ್ನೂರು, ಕೆಲಸದ್ದು ಬ್ಯಾರೆ” ಅಂದನಂತೆ.

ಅಪ್ಪ ಫೋನ್ ಇಟ್ಟು ಗೊಣಗಿದರು. “ಇವರಜ್ಜ ಕರದ ಕೂಡ್ಲೇ ಬರ್ತಿದ್ದ.”

“ಬರಂಗಿಲ್ಲ ಅನ್ನಾಕ ಅವರಜ್ಜಗ ಆಗ್ತಿತ್ತೇನಪ್ಪಾ?” ಅಂದೆ.

ಅಪ್ಪ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡುತ್ತ ನಿಂತರು. ಆಮೇಲೆ, “ಬರ್ಲಿ ಬಿಡು ಗುರುವಾರ” ಅಂದು, ಬಾಗಿಲಿಗೆ ಒಂದು ಕಲ್ಲು ಒತ್ತುಕೊಟ್ಟು ಒಳಗೆ ಹೋದರು.