ಚಂಡೆ, ಮೈಕು, ಕಂಪ್ಯೂಟರು: ಕುಂದಾಪುರ ಸೀಮೆಯ ಎಲೆಕ್ಟ್ರೋಅಕೌಸ್ಟಿಕ್ ಹಾದಿ

ಕಂಠ, ವಾದ್ಯ, ಸುತ್ತಲಿನ ಸದ್ದುಗಳನ್ನು ಮುದ್ರಿಸಿಕೊಂಡು, ಯಂತ್ರದಲ್ಲಿ ಕತ್ತರಿಸಿ, ಹಿಗ್ಗಿಸಿ, ಒಂದರ ಮೇಲೊಂದು ಪೇರಿಸಿ ಕಟ್ಟುವ ಸಂಗೀತವನ್ನು ಎಲೆಕ್ಟ್ರೋಅಕೌಸ್ಟಿಕ್ ಎನ್ನುತ್ತಾರೆ. 1948ರಲ್ಲಿ ಪ್ಯಾರಿಸ್‌ನಲ್ಲಿ ಸಂಯೋಜಕ ಪಿಯರ್ ಶೆಫರ್ ರೈಲಿನ ಸದ್ದುಗಳಿಂದಲೇ ಒಂದು ಕೃತಿ ಕಟ್ಟಿದರು. ಭಾರತದಲ್ಲಿ ಇಂಥ ಪ್ರಯೋಗಕ್ಕೆ ನೆಲೆ ಸಿಕ್ಕಿದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ. ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಸರ್ ಇರಿಸಿ ಸ್ಟುಡಿಯೊ ಕಟ್ಟಿಕೊಟ್ಟರು. ಅದು ಕೆಲವೇ ವರ್ಷ ನಡೆಯಿತು. ಅಲ್ಲಿನ ಟೇಪುಗಳು ದಶಕಗಳ ಕಾಲ ಯಾರ ಕಿವಿಗೂ ಬೀಳಲಿಲ್ಲ. ಕುಂದಾಪುರ ಸೀಮೆಗೆ ಯಂತ್ರದ ಸಂಗೀತ ಬಂದದ್ದು ಪ್ರಯೋಗಾಲಯದ ಬಾಗಿಲಿನಿಂದಲ್ಲ. ಬಯಲಾಟದ ರಂಗಸ್ಥಳ, ದೇವಸ್ಥಾನದ ಅಂಗಳ, ಸಿನಿಮಾ ಪರದೆ ದಾಟಿಕೊಂಡು.

ಕುಂದಾಪುರದ ಬಳಿಯ ಕೋಟೇಶ್ವರದ ಕೊಡಿ ಹಬ್ಬದಲ್ಲಿ ಕೋಟಿಲಿಂಗೇಶ್ವರನ ರಥ ಎಳೆಯುವ ಹೊತ್ತಿಗೆ ವಾದ್ಯದ ಮೊಳಗು, ಧ್ವನಿವರ್ಧಕದ ಪ್ರಕಟಣೆ, ಅಂಗಡಿ ಸಾಲಿನ ಹಾಡು ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ. ಈ ಸೀಮೆಯ ಕಿವಿ ವಾದ್ಯವನ್ನೂ ಯಂತ್ರವನ್ನೂ ಒಟ್ಟಿಗೇ ಕೇಳಿ ಬೆಳೆದದ್ದು. ಯಕ್ಷಗಾನದ ಹಿಮ್ಮೇಳದಲ್ಲೇ ಈ ಬದಲಾವಣೆಯ ಜಾಡು ಹಿಡಿಯಬಹುದು. ಶ್ರುತಿಗೆ ಮೊದಲು ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ರೂಪಿಸಿದರು. ಅವರ ರ‍್ಯಾಡೆಲ್ ಕಂಪನಿಯ ಪೆಟ್ಟಿಗೆಗಳು ಕಛೇರಿಗಳಲ್ಲಿ ಮನೆಮಾತಾದವು. ಅಂಥ ಪೆಟ್ಟಿಗೆ ಕ್ರಮೇಣ ಹಾಡುವ ಭಾಗವತರ ಪಕ್ಕಕ್ಕೂ ಬಂದು ಕೂತಿತು. ಮೈಕಿನ ಪರಿಣಾಮ ಇನ್ನೂ ದೊಡ್ಡದು. ಚಂಡೆಯನ್ನು ಮೀರಿ ಬಯಲಿನ ಕೊನೆಯವರೆಗೆ ಕೇಳಿಸಬೇಕಿದ್ದ ಕಂಠಕ್ಕೆ ಈಗ ಮೆಲ್ಲನೆ ಹಾಡುವ, ರಾಗ ಎಳೆಯುವ ಸ್ವಾತಂತ್ರ್ಯ ಸಿಕ್ಕಿತು. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಹಾಡುಗಾರಿಕೆಯನ್ನು ಕ್ಯಾಸೆಟ್‌ಗಳು ಮುಂದಿನ ತಲೆಮಾರಿಗೂ ಮುಟ್ಟಿಸಿದವು.

ಸದ್ದನ್ನೇ ಸಂಗೀತವಾಗಿಸುವ ಧೈರ್ಯವನ್ನು ಕನ್ನಡಕ್ಕೆ ಕಲಿಸಿದವರು ಬಂಟ್ವಾಳ ತಾಲೂಕಿನ ಮಂಚಿಯ ರಂಗಕರ್ಮಿ ಬಿ.ವಿ. ಕಾರಂತರು. ಕಲ್ಲು, ಮರ, ತಗಡು, ಬರಿಯ ಉಸಿರು ಎಲ್ಲವೂ ಅವರ ನಾಟಕಗಳಲ್ಲಿ ವಾದ್ಯವಾದವು. 1975ರ ‘ಚೋಮನ ದುಡಿ’ಯನ್ನು ನಿರ್ದೇಶಿಸಿದ ಅವರು, ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಸಿಂಥಸೈಸರ್ ಇಲ್ಲದೆಯೂ ಅವರ ಕಿವಿ ಶೆಫರ್ ಹಿಡಿದ ದಾರಿಯಲ್ಲೇ ಇತ್ತು. ಸದ್ದಿನ ಹುಟ್ಟು ಯಾವುದೆಂದು ಕೇಳದೆ, ಅದರ ಗುಣವನ್ನು ಮಾತ್ರ ನೋಡುವ ದಾರಿ ಅದು.

ಕಂಪ್ಯೂಟರು ಅಗ್ಗವಾದ ಮೇಲೆ ಈ ಹಾದಿ ಬಸ್ರೂರಿಗೆ ಬಂತು. ಕೋಟೇಶ್ವರಕ್ಕೆ ಹತ್ತಿರದ ಈ ಹಳೆಯ ಬಂದರು ಪಟ್ಟಣದ ಸಂಗೀತ ನಿರ್ದೇಶಕ ರವಿ ಬಸ್ರೂರು ಕುಲುಮೆ ಕೆಲಸದ ಮನೆಯವರು. ಹುಟ್ಟು ಹೆಸರು ಕಿರಣ್. ಕಷ್ಟಕಾಲದಲ್ಲಿ ಕೀಬೋರ್ಡ್ ಕೊಳ್ಳಲು ಹಣ ಕೊಟ್ಟವರ ಹೆಸರನ್ನೇ ತನ್ನದಾಗಿಸಿಕೊಂಡೆ ಎಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 2014ರ ‘ಉಗ್ರಂ’ ಅವರನ್ನು ಚಿತ್ರರಂಗಕ್ಕೆ ಪರಿಚಯಿಸಿತು. 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳು ದೇಶಕ್ಕೆಲ್ಲ ಪರಿಚಯಿಸಿದವು. ‘ಕೆಜಿಎಫ್’ ಹಿನ್ನೆಲೆ ಸಂಗೀತದಲ್ಲಿ ಗುಂಪಿನ ಕೂಗು, ಲೋಹಕ್ಕೆ ಲೋಹ ಬಡಿದಂಥ ಪೆಟ್ಟು, ಎದೆಗೆ ತಟ್ಟುವ ಮಂದ್ರ ಕಂಪನ ಒಂದೇ ಉಸಿರಿಗೆ ಬರುತ್ತವೆ. ಕೂಗು ಮನುಷ್ಯರದು, ಅದರ ಗಾತ್ರ ಯಂತ್ರದ್ದು. 2020ರ ಲಾಕ್‌ಡೌನ್‌ನಲ್ಲಿ ಅವರು ಊರಿಗೆ ಮರಳಿ ತಂದೆಯ ಜೊತೆ ಕುಲುಮೆಯಲ್ಲಿ ಸುತ್ತಿಗೆ ಹಿಡಿದದ್ದು ಸುದ್ದಿಯಾಯಿತು. ಅದಕ್ಕಿಂತ ಮುಖ್ಯವಾದದ್ದು, ದೊಡ್ಡ ಚಿತ್ರಗಳ ಸಂಗೀತದ ಕೆಲಸವನ್ನು ಅವರು ಬಸ್ರೂರಿನ ತಮ್ಮ ಸ್ಟುಡಿಯೊದಲ್ಲೇ ನಡೆಸಿದ್ದು. ಹಿಂದೆ ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೆ ಹೋಗಬೇಕಿತ್ತು ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ‘ಬಿಲಿಂಡರ್’ ಚಿತ್ರದಲ್ಲಿ ಕುಂದಾಪ್ರ ಕನ್ನಡವನ್ನು ಪರದೆಗೆ ತಂದ ಅವರು, 2025ರ ‘ವೀರ ಚಂದ್ರಹಾಸ’ದಲ್ಲಿ ಯಕ್ಷಗಾನವನ್ನೇ ಸಿನಿಮಾ ಮಾಡಿದರು.

ಇದೇ ಸೀಮೆಯ ಕೆರಾಡಿಯಲ್ಲಿ ಚಿತ್ರೀಕರಣಗೊಂಡ 2022ರ ‘ಕಾಂತಾರ’ಕ್ಕೆ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ಬೇರೆ ಜಾಡು ಹಿಡಿದರು. ಅಲ್ಲಿ ದೈವದ ಕೂಗು, ಜನಪದ ಹಾಡು, ಎಲೆಕ್ಟ್ರಿಕ್ ಗಿಟಾರು ಪಕ್ಕಪಕ್ಕದಲ್ಲೇ ನಿಲ್ಲುತ್ತವೆ. ಬಸ್ರೂರರದು ಸದ್ದುಗಳನ್ನು ಕರಗಿಸಿ ಎರಕ ಹೊಯ್ಯುವ ಕೆಲಸವಾದರೆ, ಅಜನೀಶರು ಒಂದೊಂದರ ಗುರುತನ್ನೂ ಬಿಟ್ಟುಕೊಡುವುದಿಲ್ಲ.

ಯಂತ್ರದ ಈ ಅಬ್ಬರಕ್ಕೆ ಬೆಲೆಯೂ ಇದೆ. ಹಲಸಿನ ಮರದ ಕಳಸಿಗೆ, ಎಳೆದು ಬಿಗಿದ ಚರ್ಮ, ವಾದಕನ ಕೈತೂಕ ಸೇರಿ ಹುಟ್ಟುವ ಚಂಡೆಯ ಪೆಟ್ಟು ಪ್ರತಿಸಲವೂ ತುಸು ಬೇರೆ. ಒಮ್ಮೆ ಮುದ್ರಿಸಿ ಕೀಬೋರ್ಡಿಗೆ ಕಟ್ಟಿದ ಮೇಲೆ ಅದು ಎಲ್ಲ ಚಿತ್ರಗಳಲ್ಲೂ ಒಂದೇ ಪೆಟ್ಟಾಗುತ್ತದೆ. ಮೇಲಾಗಿ ಕರಾವಳಿಯ ಈ ಸದ್ದೆಲ್ಲ ಇದುವರೆಗೆ ದೇವರ ಉತ್ಸವಕ್ಕೋ, ಪ್ರಸಂಗಕ್ಕೋ, ನಾಯಕನ ಪ್ರವೇಶಕ್ಕೋ ಊಳಿಗ ಮಾಡಿದ್ದೇ ಹೆಚ್ಚು. ಚಿತ್ರದ ಹಂಗಿಲ್ಲದೆ ಕೇಳುವುದಕ್ಕೆಂದೇ ಕಟ್ಟಿದ ಕೃತಿಗೆ ಇಲ್ಲಿ ಜಾಗ ಕಡಿಮೆ. ಕೇಳುಗರು ಸಿಗಲಾರರು ಎನ್ನುವ ನೆವ ಮಾತ್ರ ನಡೆಯದು. ವೇಷ, ಕುಣಿತ, ಬಣ್ಣ ಯಾವುದೂ ಇಲ್ಲದ ತಾಳಮದ್ದಲೆಗೆ ಗಂಟೆಗಟ್ಟಲೆ ಕಿವಿಗೊಟ್ಟು ಕೂರುವ ಜನ ಇವರು. ಇನ್ನು ಬೇಕಿರುವುದು ಅವರೆದುರು ಅಂಥ ಕೃತಿ ಇಡುವ ಸಂಯೋಜಕರು.