ರಷ್ಯಾ ಸಾಮ್ರಾಜ್ಯದ ವಿಸ್ತರಣೆ ಮತ್ತು ಕೊರಿಯಾ (1860–1910)

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನ್ ಸಮುದ್ರದ ದಂಡೆಗೆ ಬಂದು ನೆಲೆಯೂರಿದ ರಷ್ಯಾ, ಕೊರಿಯಾದ ಮೇಲಿನ ಪ್ರಭಾವಕ್ಕಾಗಿ ಚೀನ, ಜಪಾನ್ ಮತ್ತು ಬ್ರಿಟನ್‌ಗಳೊಡನೆ ನಡೆಸಿದ ಪೈಪೋಟಿಯ ಇತಿಹಾಸ. ರಷ್ಯಾದ ಕಣ್ಣು ಮುಖ್ಯವಾಗಿ ಮಂಚೂರಿಯದ ಮೇಲಿತ್ತು. ಜಪಾನಿಗೆ ಕೊರಿಯಾವೇ ಮುಖ್ಯವಾಗಿತ್ತು. ಈ ಅರ್ಧ ಶತಮಾನದ ಒಪ್ಪಂದಗಳೂ ಯುದ್ಧಗಳೂ ಈ ವ್ಯತ್ಯಾಸದ ಸುತ್ತಲೇ ತಿರುಗಿದವು. ಕೊರಿಯಾದ ಹಣೆಬರಹವನ್ನು ಬರೆದ ಒಪ್ಪಂದಗಳಲ್ಲಿ ಹೆಚ್ಚಿನವು ಕೊರಿಯನ್ನರನ್ನು ಕೇಳದೆಯೇ ಆದವು.

ಗಡಿಯ ಉದಯ

1858ರ ಐಗುನ್ ಮತ್ತು 1860ರ ಪೀಕಿಂಗ್ ಒಪ್ಪಂದಗಳಿಂದ ರಷ್ಯಾ ಚೀನದಿಂದ ಅಮೂರ್ ನದಿಯ ಎಡದಂಡೆಯನ್ನೂ ಉಸ್ಸುರಿ ನದಿಯ ಪೂರ್ವಭಾಗವನ್ನೂ ಪಡೆಯಿತು. ವ್ಲಾಡಿವೊಸ್ಟಾಕ್ ನೆಲೆ 1860ರಲ್ಲೇ ತಲೆಯೆತ್ತಿತು. ತುಮೆನ್ ನದಿಯ ಮುಖದ ಬಳಿ ಸುಮಾರು 17 ಕಿಲೋಮೀಟರ್ ಉದ್ದದ ರಷ್ಯಾ–ಕೊರಿಯಾ ಗಡಿ ಮೊದಲ ಬಾರಿಗೆ ಉಂಟಾಯಿತು. ಬಡತನದಿಂದ ಬೇಸತ್ತ ಕೊರಿಯಾದ ಉತ್ತರ ಭಾಗದ ರೈತರು 1860ರ ದಶಕದಿಂದಲೇ ನದಿ ದಾಟಿ ರಷ್ಯಾದ ನೆಲದಲ್ಲಿ ಬೇಸಾಯ ಹೂಡಿದರು. ವ್ಲಾಡಿವೊಸ್ಟಾಕ್ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿದ್ದುದರಿಂದ, ವರ್ಷವಿಡೀ ಹಡಗು ಓಡುವ ಬಂದರೊಂದು ದಕ್ಷಿಣದಲ್ಲಿ ಬೇಕೆಂಬ ಆಸೆ ರಷ್ಯಾದ ನೌಕಾಪಡೆಯಲ್ಲಿ ಬಲವಾಗಿತ್ತು.

ಪೋರ್ಟ್ ಹ್ಯಾಮಿಲ್ಟನ್ ಪ್ರಕರಣ

ಜಪಾನ್ 1876ರಲ್ಲಿ ಕಂಗ್ವಾ ಒಪ್ಪಂದದ ಮೂಲಕ ಕೊರಿಯಾದ ಬಂದರುಗಳನ್ನು ಬಲವಂತದಿಂದ ತೆರೆಸಿತು. ರಷ್ಯಾ 1884ರಲ್ಲಿ ಕೊರಿಯಾದೊಡನೆ ಒಪ್ಪಂದ ಮಾಡಿಕೊಂಡು ಕಾರ್ಲ್ ವೇಬರ್‌ನನ್ನು ತನ್ನ ಪ್ರತಿನಿಧಿಯಾಗಿ ಸೋಲ್‌ಗೆ ಕಳುಹಿಸಿತು. 1885ರ ಮಾರ್ಚಿನಲ್ಲಿ ಅಫ್ಘಾನಿಸ್ತಾನದ ಗಡಿಯ ಪಂಜ್‌ದೇಹ್‌ನಲ್ಲಿ ರಷ್ಯನ್ನರು ಅಫ್ಘನ್ ಪಡೆಯನ್ನು ಸೋಲಿಸಿದಾಗ, ಭಾರತದ ರಕ್ಷಣೆಯ ಚಿಂತೆಗೆ ಬಿದ್ದ ಬ್ರಿಟನ್ ಸಾವಿರಾರು ಮೈಲಿ ದೂರದಲ್ಲಿ, ಕೊರಿಯಾದ ದಕ್ಷಿಣ ಕರಾವಳಿಯಾಚೆಗಿನ ಕೊಮುಂಡೊ ದ್ವೀಪಗಳನ್ನು (ಬ್ರಿಟಿಷರ ಪೋರ್ಟ್ ಹ್ಯಾಮಿಲ್ಟನ್) ಆಕ್ರಮಿಸಿತು. ಕೊರಿಯಾದ ನೆಲವನ್ನು ತಾನು ಹಿಡಿಯುವುದಿಲ್ಲವೆಂದು ರಷ್ಯಾ ಚೀನಕ್ಕೆ ಭರವಸೆ ಕೊಟ್ಟ ಮೇಲಷ್ಟೇ, 1887ರಲ್ಲಿ, ಬ್ರಿಟಿಷರು ಜಾಗ ಖಾಲಿಮಾಡಿದರು.

ರಾಯಭಾರ ಕಚೇರಿಯಲ್ಲಿ ರಾಜ

1894–95ರ ಯುದ್ಧದಲ್ಲಿ ಚೀನವನ್ನು ಸೋಲಿಸಿದ ಜಪಾನಿಗೆ ಷಿಮೊನೊಸೆಕಿ ಒಪ್ಪಂದದಿಂದ ಲಿಯಾವೊದಾಂಗ್ ಪರ್ಯಾಯದ್ವೀಪ ದಕ್ಕಿತು. ಒಂದೇ ವಾರದೊಳಗೆ ರಷ್ಯಾ, ಜರ್ಮನಿ ಮತ್ತು ಫ್ರಾನ್ಸ್ ಒಟ್ಟಾಗಿ ಒತ್ತಡ ಹೇರಿದವು, ಜಪಾನ್ ಅದನ್ನು ಬಿಟ್ಟುಕೊಡಬೇಕಾಯಿತು. ಜಪಾನ್ ಮಣಿದುದನ್ನು ಕಂಡ ಕೊರಿಯಾದ ರಾಣಿ ಮಿನ್ ರಷ್ಯಾದತ್ತ ವಾಲಿದಳು. 1895ರ ಅಕ್ಟೋಬರ್ 8ರ ಮುಂಜಾನೆ, ಜಪಾನಿ ರಾಯಭಾರಿ ಮಿಯುರಾ ಗೊರೊ ರೂಪಿಸಿದ ಸಂಚಿನಂತೆ, ಆಕೆಯನ್ನು ಅರಮನೆಯೊಳಗೇ ಕೊಂದರು.

ಅರಮನೆಯಲ್ಲೇ ಸೆರೆಯಾಳಿನಂತಾಗಿದ್ದ ರಾಜ ಕೊಜೊಂಗ್ 1896ರ ಫೆಬ್ರವರಿ 11ರ ನಸುಕಿನಲ್ಲಿ ಯುವರಾಜನೊಡನೆ ಹೊರಬಿದ್ದ. ಇಬ್ಬರೂ ಅರಮನೆಯ ಹೆಂಗಸರು ಬಳಸುವ ಮುಚ್ಚಿದ ಮೇನೆಗಳಲ್ಲಿ ಕುಳಿತಿದ್ದರು, ಕಾವಲುಗಾರರು ತಡೆಯಲಿಲ್ಲ. ಮೇನೆಗಳು ನೇರವಾಗಿ ರಷ್ಯಾದ ರಾಯಭಾರ ಕಚೇರಿ ಸೇರಿದವು. ಮುಂದಿನ ಒಂದು ವರ್ಷ ಕೊರಿಯಾದ ಆಡಳಿತ ನಡೆದುದು ಅಲ್ಲಿಂದಲೇ.

ಮಾಸ್ಕೊದ ಮೂರು ಮಾತುಕತೆಗಳು

1896ರ ಮೇ ತಿಂಗಳಲ್ಲಿ ಝಾರ್ ಎರಡನೆಯ ನಿಕೊಲಸ್‌ನ ಪಟ್ಟಾಭಿಷೇಕಕ್ಕೆ ಕೊರಿಯಾದಿಂದ ಮಿನ್ ಯೊಂಗ್‌ಹ್ವಾನ್ ಹೋದ. ರಾಜನ ರಕ್ಷಣೆಗೆ ಪಡೆ, ಸೇನಾ ತರಬೇತುದಾರರು, ಸಾಲ ಇವು ಅವನ ಕೋರಿಕೆಗಳು. ಅದೇ ವೇಳೆಗೆ ರಷ್ಯಾದ ವಿದೇಶಾಂಗ ಸಚಿವ ಲೊಬನೊವ್ ಚೀನದ ಲಿ ಹಾಂಗ್‌ಚಾಂಗ್ ಜೊತೆ ಮಂಚೂರಿಯದ ಮೂಲಕ ರೈಲುಹಾದಿ ಹಾಕುವ ಗುಪ್ತ ಒಪ್ಪಂದಕ್ಕೆ ಸಹಿ ಮಾಡಿದ. ಕೆಲವೇ ದಿನಗಳ ಬಳಿಕ, ಜೂನ್ 9ರಂದು, ಜಪಾನಿನ ಯಮಗಾಟ ಜೊತೆ ಕೊರಿಯಾದಲ್ಲಿ ಸಮಪಾಲಿನ ಹಕ್ಕಿನ ಒಪ್ಪಂದ ಮಾಡಿಕೊಂಡ. ಮಿನ್‌ಗೆ ಸಿಕ್ಕಿದ್ದು ತರಬೇತುದಾರರ ಒಂದು ಸಣ್ಣ ತಂಡ ಮತ್ತು ಬಾಯಿಮಾತಿನ ಭರವಸೆ. ರಷ್ಯಾದ ಕೊರಿಯಾ ನೀತಿಯ ನಿಜಸ್ವರೂಪ ಈ ಕೆಲವು ವಾರಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

1897ರಲ್ಲಿ ಅರಮನೆಗೆ ಮರಳಿದ ಕೊಜೊಂಗ್ ತನ್ನನ್ನು ಚಕ್ರವರ್ತಿಯೆಂದು ಸಾರಿಕೊಂಡ. ಮರುವರ್ಷ ರಷ್ಯಾ, ಜಪಾನಿನಿಂದ ಬಿಡಿಸಿದ್ದ ಅದೇ ಲಿಯಾವೊದಾಂಗ್‌ನ ಪೋರ್ಟ್ ಆರ್ಥರ್ ಬಂದರನ್ನು ತಾನೇ 25 ವರ್ಷಗಳ ಗುತ್ತಿಗೆಗೆ ಪಡೆಯಿತು. ಇದಕ್ಕೆ ಪ್ರತಿಯಾಗಿ ನಿಷಿ–ರೊಸೆನ್ ಒಪ್ಪಂದದಲ್ಲಿ ಕೊರಿಯಾದೊಳಗಿನ ಜಪಾನಿ ವ್ಯಾಪಾರ ಹಿತಗಳನ್ನು ಒಪ್ಪಿಕೊಂಡಿತು.

ಯಾಲು ದಡದ ಮರ

ವ್ಲಾಡಿವೊಸ್ಟಾಕ್‌ನ ವರ್ತಕ ಯೂಲಿ ಬ್ರೈನರ್ 1896ರಲ್ಲಿ ಯಾಲು ಮತ್ತು ತುಮೆನ್ ನದಿಗಳ ಕಾಡುಗಳಲ್ಲಿ ಮರ ಕಡಿಯುವ ಹಕ್ಕನ್ನು ಕೊರಿಯಾ ಸರ್ಕಾರದಿಂದ ಪಡೆದಿದ್ದ. (ಹಾಲಿವುಡ್ ನಟ ಯೂಲ್ ಬ್ರಿನ್ನರ್ ಈತನ ಮೊಮ್ಮಗ.) ಝಾರ್‌ನ ಆಪ್ತವಲಯ ಸೇರಿದ ಅಲೆಕ್ಸಾಂಡರ್ ಬೆಜೊಬ್ರಾಜೊವ್ ಈ ಹಕ್ಕನ್ನು ರಾಜಕೀಯ ಅಸ್ತ್ರವಾಗಿ ಬಳಸಿದ. 1903ರಲ್ಲಿ ಯಾಲು ಮುಖದ ಯೊಂಗಾಂಪೊದಲ್ಲಿ ರಷ್ಯನ್ನರು ನೆಲೆ ಹೂಡಿದಾಗ ಜಪಾನಿನ ಸಂಶಯ ಗಟ್ಟಿಯಾಯಿತು. ಚೀನದ ಬಾಕ್ಸರ್ ದಂಗೆಯ ಕಾಲದಲ್ಲಿ, 1900ರಲ್ಲಿ, ಮಂಚೂರಿಯವನ್ನು ಹೊಕ್ಕ ರಷ್ಯಾದ ಸೇನೆ ಇನ್ನೂ ಅಲ್ಲಿಂದ ಪೂರ್ತಿಯಾಗಿ ಹಿಂದೆ ಸರಿದಿರಲಿಲ್ಲ. 1902ರ ಮೈತ್ರಿಯಿಂದ ಜಪಾನಿಗೆ ಬ್ರಿಟನ್ನಿನ ಬೆಂಬಲವಿತ್ತು.

ಯುದ್ಧ

1903ರ ಮಾತುಕತೆಯಲ್ಲಿ ರಷ್ಯಾ, ಕೊರಿಯಾದ 39ನೆಯ ಅಕ್ಷಾಂಶದ ಉತ್ತರಭಾಗ ತಟಸ್ಥ ವಲಯವಾಗಬೇಕೆಂದು ಪಟ್ಟು ಹಿಡಿಯಿತು, ಜಪಾನ್ ಒಪ್ಪಲಿಲ್ಲ. ಕೊರಿಯಾದ ತಂತಿ ವ್ಯವಸ್ಥೆಯನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಕೊಜೊಂಗ್ 1904ರ ಜನವರಿಯಲ್ಲಿ ತನ್ನ ದೇಶದ ತಾಟಸ್ಥ್ಯವನ್ನು ಚೀನದ ಚೀಫೂ ಬಂದರಿನಿಂದ ಜಗತ್ತಿಗೆ ಸಾರಿದ. ಯಾರೂ ಅದನ್ನು ಗೌರವಿಸಲಿಲ್ಲ. ಫೆಬ್ರವರಿ 8ರ ರಾತ್ರಿ ಜಪಾನ್ ಪೋರ್ಟ್ ಆರ್ಥರ್ ಮೇಲೆರಗಿತು. ಮರುದಿನ ಚೆಮುಲ್ಪೊ (ಇಂದಿನ ಇಂಚನ್) ಬಂದರಿನಾಚೆ ಸೋತು ಹಿಂತಿರುಗಿದ ವರ್ಯಾಗ್ ಮತ್ತು ಕೊರೀಟ್ಸ್ ಹಡಗುಗಳನ್ನು ರಷ್ಯನ್ನರು ತಾವೇ ನಾಶಪಡಿಸಿದರು. ಮುಕ್ಡೆನ್ ಕಾಳಗ ಮತ್ತು 1905ರ ಮೇ ತಿಂಗಳ ಸುಷಿಮಾ ನೌಕಾಯುದ್ಧ ರಷ್ಯಾದ ಸೋಲನ್ನು ಖಚಿತಗೊಳಿಸಿದವು.

ಪರಿಣಾಮ

1905ರ ಆಗಸ್ಟ್‌ನಲ್ಲಿ ನವೀಕರಿಸಿದ ಮೈತ್ರಿಯಲ್ಲಿ ಬ್ರಿಟನ್ ಕೊರಿಯಾದ ಮೇಲೆ ಜಪಾನಿನ ಸರ್ವೋಪರಿ ಹಿತಗಳನ್ನು ಒಪ್ಪಿತು. ಜಪಾನ್, ಭಾರತದ ಗಡಿಯ ರಕ್ಷಣೆಗೆ ಬ್ರಿಟನ್ ಕೈಗೊಳ್ಳುವ ಕ್ರಮಗಳನ್ನು ಒಪ್ಪಿತು. ಸೆಪ್ಟೆಂಬರ್ 5ರ ಪೋರ್ಟ್ಸ್‌ಮತ್ ಒಪ್ಪಂದದಲ್ಲಿ ರಷ್ಯಾವೂ ಕೊರಿಯಾದ ಆಸೆ ಬಿಟ್ಟಿತು. ನವೆಂಬರ್‌ನಲ್ಲಿ ಕೊರಿಯಾವನ್ನು ಬಲವಂತದಿಂದ ಜಪಾನಿನ ಸಂರಕ್ಷಿತ ರಾಜ್ಯವನ್ನಾಗಿ ಮಾಡಿದಾಗ, ಮಾಸ್ಕೊದಲ್ಲಿ ನೆರವು ಬೇಡಿದ್ದ ಮಿನ್ ಯೊಂಗ್‌ಹ್ವಾನ್ ಪ್ರತಿಭಟಿಸಿ ಪ್ರಾಣ ಕಳೆದುಕೊಂಡ. 1907ರಲ್ಲಿ ಹೇಗ್ ಶಾಂತಿ ಸಮ್ಮೇಳನಕ್ಕೆ ಕೊಜೊಂಗ್ ಗುಟ್ಟಾಗಿ ಕಳುಹಿಸಿದ ಮೂವರು ದೂತರಿಗೆ ಒಳಗೆ ಪ್ರವೇಶ ಸಿಗಲಿಲ್ಲ. ಜಪಾನ್ ಅವನನ್ನು ಗದ್ದುಗೆಯಿಂದಿಳಿಸಿತು. ಅದೇ ವರ್ಷದ ಜುಲೈನಲ್ಲಿ ರಷ್ಯಾ, ಹೊರ ಮಂಗೋಲಿಯದಲ್ಲಿ ತನ್ನ ಹಿತಕ್ಕೆ ಮನ್ನಣೆ ಪಡೆದು, ಕೊರಿಯಾದಲ್ಲಿ ಜಪಾನಿಗೆ ಅಡ್ಡಬರುವುದಿಲ್ಲವೆಂದು ಗುಪ್ತವಾಗಿ ಒಪ್ಪಿತು. 1910ರ ಆಗಸ್ಟ್‌ನಲ್ಲಿ ಜಪಾನ್ ಕೊರಿಯಾವನ್ನು ತನ್ನಲ್ಲಿ ಸೇರಿಸಿಕೊಂಡಿತು.

ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರರಿಗೆ ವ್ಲಾಡಿವೊಸ್ಟಾಕ್ ಸುತ್ತಲಿನ ಸೀಮೆ ಮುಂದೆ ಆಸರೆಯಾಯಿತು. ಆದರೆ 1937ರಲ್ಲಿ ಸ್ಟಾಲಿನ್ ಸರ್ಕಾರ ಜಪಾನಿ ಬೇಹುಗಾರಿಕೆಯ ನೆಪವೊಡ್ಡಿ ಅಲ್ಲಿನ ಸುಮಾರು 1,70,000 ಕೊರಿಯನ್ನರನ್ನು ಕಜಾಕಸ್ತಾನ, ಉಜ್ಬೆಕಿಸ್ತಾನಗಳಿಗೆ ಗಡೀಪಾರು ಮಾಡಿತು. ಗಡಿ ದಾಟಿ ಬಂದ ರೈತರ ಮಕ್ಕಳು ಮೊಮ್ಮಕ್ಕಳು, ಅಜ್ಜಂದಿರು ಉತ್ತು ಬಿತ್ತಿದ ನೆಲವನ್ನೂ ಹೀಗೆ ಕಳೆದುಕೊಂಡರು.