ಬ್ರಹ್ಮಗಿರಿಯ ಬಳೆ, ರೋಮಿನ ಬಟ್ಟಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಮೂರು ಸಂಸ್ಕೃತಿಗಳ ಪದರಗಳು ಗೋಚರಿಸಿದವು. ಕೆಳಗಿನದು ಕಲ್ಗೊಡಲಿಯ ಜನರದು, ನಡುವಿನದು ಬೃಹತ್ ಶಿಲಾಗೋರಿಗಳನ್ನು ಕಟ್ಟಿದವರದು, ಮೇಲಿನದು ಸಾತವಾಹನರ ಕಾಲದ್ದು. ಗಾಜಿನ ಬಳೆ, ಮಣಿಗಳು ಸಿಕ್ಕಿದ್ದು ಈ ಮೇಲಿನ ಪದರದಲ್ಲಿ. ಒಳತಳದಲ್ಲಿ ಚುಕ್ಕೆಸಾಲುಗಳಿರುವ ರೂಲೆಟೆಡ್ ತಟ್ಟೆಗಳ ಚೂರುಗಳೂ ಅಲ್ಲಿದ್ದವು. ಅಂಥವೇ ತಟ್ಟೆಗಳು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಮಡಕೆಗಳ ಜೊತೆಗೆ ದೊರೆತಿದ್ದರಿಂದ ಬ್ರಹ್ಮಗಿರಿಯ ಪದರದ ಕಾಲವನ್ನು ಗುರುತಿಸಲು ಸಾಧ್ಯವಾಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ.

ಅದೇ ಕಾಲದಲ್ಲಿ ರೋಮನ್ ಜಗತ್ತಿನ ಗಾಜಿನ ಕಸುಬು ಬೇರೊಂದು ದಾರಿ ಹಿಡಿದಿತ್ತು. ಮರಳಿಗೆ ಈಜಿಪ್ಟಿನ ನೇಟ್ರಾನ್ ಕ್ಷಾರವನ್ನು ಬೆರೆಸಿ ಕರಗಿಸಿದ ಗಾಜನ್ನು ಗಟ್ಟಿಗಳಾಗಿ ಒಡೆದು ಊರೂರಿನ ಕುಲುಮೆಗಳಿಗೆ ಸಾಗಿಸುತ್ತಿದ್ದರು. ಮೊದಲು ಪಾತ್ರೆಗಳನ್ನು ಅಚ್ಚಿನಲ್ಲಿ ಬಾಗಿಸಿಯೋ ಮಣ್ಣಿನ ತಿರುಳಿನ ಸುತ್ತ ಗಾಜು ಮೆತ್ತಿಯೋ ಮಾಡುತ್ತಿದ್ದರು. ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತಿತ್ತು.

ಕ್ರಿ.ಪೂ. ಒಂದನೇ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ಟೈನ್ ಪ್ರದೇಶದಲ್ಲಿ ಗಾಜು ಊದುವ ಕ್ರಮ ಹುಟ್ಟಿತು. ಕೆಲಸಗಾರ ಕೊಳವೆಯ ತುದಿಗೆ ಕರಗಿದ ಗಾಜನ್ನು ಹತ್ತಿಸಿಕೊಂಡು, ನುಣುಪಾದ ಕಲ್ಲಿನ ಮೇಲೆ ಉರುಳಿಸಿ, ಊದಿ ಗುಳ್ಳೆ ಮಾಡುತ್ತಿದ್ದ. ಅದು ಬಿರುಸಾಗುತ್ತಿದ್ದಂತೆ ಮತ್ತೆ ಕುಲುಮೆಗೆ ಹಿಡಿದು ಮೆದುಗೊಳಿಸುತ್ತಿದ್ದ. ಕಂಠದ ಬಳಿ ಕೊಳವೆಯಿಂದ ಬಿಡಿಸಿ, ಅಂಚು ತಿದ್ದಿ, ಹಿಡಿಕೆ ಅಂಟಿಸುತ್ತಿದ್ದ. ಸಿದ್ಧವಾದ ಪಾತ್ರೆ ಬಿರಿಯದಂತೆ ಬಿಸಿಗೂಡಿನಲ್ಲಿ ನಿಧಾನವಾಗಿ ಆರಬೇಕಿತ್ತು. ಅಚ್ಚಿನೊಳಗೆ ಊದಿದರೆ ಅಲಂಕಾರವೂ ಒಮ್ಮೆಗೇ ಮೂಡುತ್ತಿತ್ತು. ಎನ್ನಿಯಾನ್ ಎಂಬ ಕುಶಲಕರ್ಮಿಯ ಹೆಸರು ಇಂಥ ಪಾತ್ರೆಗಳ ಮೇಲಿದೆ. ರೋಮಿನಲ್ಲಿ ಗಾಜಿನ ಬಟ್ಟಲು ಒಂದು ತಾಮ್ರದ ಕಾಸಿಗೆ ಸಿಗುತ್ತಿತ್ತೆಂದು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ.

ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ಕಡಲ ವ್ಯಾಪಾರದ ಕೈಪಿಡಿ 'ಪೆರಿಪ್ಲಸ್' ಭರೂಚ್, ಮುಜಿರಿಸ್ ಬಂದರುಗಳಿಗೆ ಕಚ್ಚಾ ಗಾಜು ಬರುತ್ತಿದ್ದುದನ್ನು ದಾಖಲಿಸುತ್ತದೆ. ಆದರೂ ದಕ್ಷಿಣ ಭಾರತದ ಗಾಜು ಹೆಚ್ಚಾಗಿ ಮೈಮೇಲಿನ ಒಡವೆಯಾಯಿತು. ಅರಿಕಮೇಡುವಿನಲ್ಲಿ ಗಾಜನ್ನು ಉದ್ದನೆಯ ಟೊಳ್ಳು ಎಳೆಯಾಗಿ ಎಳೆದು, ತುಂಡರಿಸಿ ಮಣಿ ಮಾಡುತ್ತಿದ್ದರು.

ಬಳೆಯ ಕಸುಬು ಚಿತ್ರದುರ್ಗ ಸೀಮೆಯಲ್ಲಿ ಬಹುಕಾಲ ಉಳಿಯಿತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಹೊಸದುರ್ಗ ಬಳಿಯ ಮತ್ತೋಡಿನಲ್ಲಿ ಬಳೆಯ ಗಾಜು ತಯಾರಾಗುತ್ತಿದ್ದುದನ್ನು ವಿವರಿಸಿದ್ದಾನೆ. ಸೌಳು ಮಣ್ಣಿನ ಕ್ಷಾರಕ್ಕೆ ಬಿಳಿಗಲ್ಲಿನ ಪುಡಿ ಬೆರೆಸಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣದ ಒರಟು ಗಾಜನ್ನು ಅಲ್ಲಿ ಕರಗಿಸುತ್ತಿದ್ದರು. ರೋಮನ್ ಕುಲುಮೆಗೆ ನೇಟ್ರಾನ್ ಒದಗಿಸಿದ ಕ್ಷಾರವನ್ನು ಇಲ್ಲಿ ನೆಲದ ಸೌಳೇ ಒದಗಿಸಿತ್ತು.